ಶ್ರೀಸಾಮಾನ್ಯರ ದೂರು: ಧರ್ಮಸಭೆಯ ಕಟ್ಟಳೆ ಮತ್ತು ನಾಡಿನ ಕಾನೂನು

ಕಥೋಲಿಕ ಧರ್ಮಸಭೆಯಲ್ಲಿ ಗುರುದೀಕ್ಷೆ ಪಡೆಯದ ಭಕ್ತರನ್ನು ಕನ್ನಡದಲ್ಲಿ ‘ಶ್ರೀಸಾಮಾನ್ಯರು’ ಎಂದು ಕರೆಯುವ ರೂಢಿಯಿದೆ. ಸಂಖ್ಯೆಯಲ್ಲಿ ಇವರೇ ಹೆಚ್ಚು. ಅಧಿಕಾರದಲ್ಲಿ ಇವರ ಪಾಲು ಅತ್ಯಲ್ಪ. ಗುರುಗಳಿಂದಲೇ ಲೈಂಗಿಕ ದೌರ್ಜನ್ಯ ನಡೆದಾಗ ಇವರು ಎಲ್ಲಿಗೆ ಹೋಗಬೇಕು? ರಾಣೆಬೆನ್ನೂರಿನಲ್ಲಿ ನಿಂತು ನೋಡಿದರೆ ಎರಡು ದಾರಿಗಳು ಕಾಣುತ್ತವೆ: ಒಂದು ಬೆಳಗಾವಿಗೆ, ಇನ್ನೊಂದು ಹಾವೇರಿಗೆ.

ಹಾವೇರಿ ಜಿಲ್ಲೆಯ ಕಥೋಲಿಕರು 1953ರಲ್ಲಿ ಸ್ಥಾಪಿತವಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದವರು. ಧರ್ಮಸಭೆಯೊಳಗಿನ ದೂರು ಅಲ್ಲಿನ ಧರ್ಮಾಧ್ಯಕ್ಷರಿಗೆ ಸಲ್ಲಬೇಕು. ದೂರು ಧರ್ಮಾಧ್ಯಕ್ಷರ ಮೇಲೆಯೇ ಇದ್ದರೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರ ಪಾತ್ರ ಬರುತ್ತದೆ. ಈ ವ್ಯವಸ್ಥೆಯನ್ನು ಜಗದ್ಗುರು ಫ್ರಾನ್ಸಿಸ್ ಅವರು 2019ರಲ್ಲಿ ಹೊರಡಿಸಿದ, 2023ರಲ್ಲಿ ಶಾಶ್ವತಗೊಂಡ ಆದೇಶ ರೂಪಿಸಿತು. ಅದರ ಪ್ರಕಾರ ವಿಷಯ ತಿಳಿದ ಗುರುಗಳು ಮತ್ತು ಕನ್ಯಾಸ್ತ್ರೀಯರು ವರದಿ ಮಾಡಲೇಬೇಕು, ಶ್ರೀಸಾಮಾನ್ಯರು ಮಾಡಬಹುದು. ದೂರು ಕೊಟ್ಟ ಮೇಲೆ ವಿಚಾರಣೆಯ ಮೇಲೆ ಅವರಿಗೆ ಹಿಡಿತವಿಲ್ಲ. ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಅವರು ಕುಳಿತಿದ್ದರೂ 1983ರ ಧರ್ಮಸಭಾ ಸಂಹಿತೆ ಅದಕ್ಕೆ ಕೊಟ್ಟಿರುವುದು ಸಲಹೆಯ ಸ್ಥಾನ ಮಾತ್ರ. ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವ ಹಕ್ಕನ್ನೂ ಕರ್ತವ್ಯವನ್ನೂ ಅದೇ ಸಂಹಿತೆಯ 212ನೆಯ ಕಟ್ಟಳೆ ಒಪ್ಪುತ್ತದೆ ಎಂಬುದನ್ನು ಮರೆಯಬಾರದು. 2002ರಲ್ಲಿ ಅಮೆರಿಕದ ಬಾಸ್ಟನ್ ಪ್ರದೇಶದ ಶ್ರೀಸಾಮಾನ್ಯರು ಸಂಘಟಿತರಾಗಿ, ನೊಂದವರಿಗೆ ಬೆಂಬಲವನ್ನೂ ಧರ್ಮಸಭೆಯ ರಚನೆಯಲ್ಲಿ ಬದಲಾವಣೆಯನ್ನೂ ಒಟ್ಟಿಗೇ ಕೇಳಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿನ ಕಾರ್ಡಿನಲ್ ರಾಜೀನಾಮೆ ಕೊಟ್ಟರು.

ಕರ್ನಾಟಕದ ಅನುಭವ ಇಷ್ಟು ವೇಗದ್ದಲ್ಲ. 2019ರಲ್ಲಿ ಮೈಸೂರು ಧರ್ಮಪ್ರಾಂತ್ಯದ 37 ಗುರುಗಳು ತಮ್ಮ ಧರ್ಮಾಧ್ಯಕ್ಷರ ವಿರುದ್ಧ ಲೈಂಗಿಕ ದುರ್ನಡತೆ, ಹಣಕಾಸಿನ ದುರುಪಯೋಗ ಮೊದಲಾದ ಆರೋಪಗಳನ್ನು ಹೊರಿಸಿ ಜಗದ್ಗುರುಗಳಿಗೆ ಪತ್ರ ಬರೆದರು. ಧರ್ಮಾಧ್ಯಕ್ಷರು ಆರೋಪಗಳನ್ನು ನಿರಾಕರಿಸಿದರು. ಮುಂಬಯಿಯ ಶ್ರೀಸಾಮಾನ್ಯರ ಸಂಘಟನೆಯೊಂದು ಕ್ರಮಕ್ಕೆ ಒತ್ತಾಯಿಸಿತು. 2023ರ ಜನವರಿಯಲ್ಲಿ ಧರ್ಮಾಧ್ಯಕ್ಷರು ರಜೆಯ ಮೇಲೆ ತೆರಳಿದರು. ಬೆಂಗಳೂರಿನ ನಿವೃತ್ತ ಮಹಾಧರ್ಮಾಧ್ಯಕ್ಷ ಬರ್ನಾರ್ಡ್ ಮೊರಾಸ್ ಆಡಳಿತ ವಹಿಸಿಕೊಂಡರು. ಪತ್ರಕ್ಕೂ ಈ ರಜೆಗೂ ನಡುವೆ ಮೂರು ವರ್ಷ ಕಳೆದವು. ದೂರಿತ್ತವರು ಗುರುಗಳೇ ಆಗಿದ್ದಾಗ ಹೀಗಾದರೆ, ಒಂಟಿ ಕುಟುಂಬದ ದೂರಿನ ಗತಿಯನ್ನು ಊಹಿಸುವುದು ಕಷ್ಟವಲ್ಲ.

ಹಾವೇರಿಯ ದಾರಿ ಬೇರೆ ಬಗೆಯದು. ನೊಂದ ವ್ಯಕ್ತಿ ಹದಿನೆಂಟು ವರ್ಷದೊಳಗಿನವರಾಗಿದ್ದರೆ, ಪೋಕ್ಸೊ ಎಂದು ಪರಿಚಿತವಾದ 2012ರ ಕಾಯ್ದೆ ಅನ್ವಯಿಸುತ್ತದೆ. ಅದರ 19ನೆಯ ಕಲಮಿನಂತೆ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಧರ್ಮಸಭೆಯ ‘ಮಾಡಬಹುದು’ ಇಲ್ಲಿ ‘ಮಾಡಬೇಕು’ ಆಗುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ, ತನ್ನ ಅಧೀನದವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಪಾಪನಿವೇದನೆಯಲ್ಲಿ ಕೇಳಿದ್ದಕ್ಕೆ ಕಾಯ್ದೆಯು ವಿನಾಯಿತಿ ಬರೆದಿಲ್ಲ. ಧಾರ್ಮಿಕ ಸಂಸ್ಥೆಯ ಆಡಳಿತದಲ್ಲಿರುವವರು ಅಲ್ಲಿನ ಮಗುವಿನ ಮೇಲೆ ಎಸಗಿದ ಅತ್ಯಾಚಾರವನ್ನು 5ನೆಯ ಕಲಮು ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಸೇರಿಸಿದೆ. 2019ರ ತಿದ್ದುಪಡಿಯಿಂದ ಕನಿಷ್ಠ ಶಿಕ್ಷೆ ಇಪ್ಪತ್ತು ವರ್ಷ.

ಕಾಯ್ದೆಯ ಬಲವನ್ನೂ ಮಿತಿಯನ್ನೂ ನೆರೆಯ ಕಣ್ಣೂರು ಜಿಲ್ಲೆಯ ಪ್ರಕರಣವೊಂದು ತೋರಿಸುತ್ತದೆ. 2019ರಲ್ಲಿ ತಲಶ್ಶೇರಿಯ ವಿಶೇಷ ನ್ಯಾಯಾಲಯ ಧರ್ಮಕೇಂದ್ರವೊಂದರ ಗುರುವಿಗೆ ಇಪ್ಪತ್ತು ವರ್ಷಗಳ ಶಿಕ್ಷೆ ವಿಧಿಸಿತು. 2021ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಹತ್ತಕ್ಕೆ ಇಳಿಸಿತು. ಆದರೆ ಮುಚ್ಚಿಟ್ಟರೆಂಬ ಆರೋಪ ಹೊತ್ತಿದ್ದ ವೈದ್ಯರನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲೇ ಪ್ರಕರಣದಿಂದ ಕೈಬಿಟ್ಟಿತ್ತು. ‘ತಿಳಿದಿತ್ತು’ ಎಂಬುದನ್ನು ರುಜುವಾತುಪಡಿಸುವುದು ಅಷ್ಟು ಕಠಿಣ. ಪ್ರಾಪ್ತವಯಸ್ಕ ಸ್ತ್ರೀಯರಿಗಂತೂ ಪೋಕ್ಸೊ ಆಸರೆಯಿಲ್ಲ. ಅವರು ಸಾಮಾನ್ಯ ದಂಡಸಂಹಿತೆಯನ್ನೇ ನೆಚ್ಚಬೇಕು.

ಶಿಕ್ಷೆಯ ಮಾತು ಹೀಗಾದರೆ, ಗಾಯ ಮಾಯುವ ಮಾತು ಇನ್ನೂ ಸೂಕ್ಷ್ಮ. ಮಗುವಿನ ಗುರುತನ್ನು ಪ್ರಕಟಿಸಬಾರದೆಂದು 23ನೆಯ ಕಲಮು ಹೇಳುತ್ತದೆ. ಎಲ್ಲ ಮನೆಗಳೂ ಪರಸ್ಪರ ಬಲ್ಲ ಸಣ್ಣ ಧರ್ಮಕೇಂದ್ರದಲ್ಲಿ ಹೆಸರನ್ನು ಬಿಟ್ಟ ಮಾತ್ರಕ್ಕೆ ಗುರುತು ಮರೆಯಾಗದು. ಭಾನುವಾರದ ಪೂಜೆಗೆ ಬಾರದ ಮನೆ ಯಾವುದೆಂದು ಎಲ್ಲರಿಗೂ ಗೊತ್ತಿರುತ್ತದೆ. 2020ರ ನಿಯಮಗಳಂತೆ ಮಕ್ಕಳ ಕಲ್ಯಾಣ ಸಮಿತಿ ನೇಮಿಸುವ ಬೆಂಬಲ ವ್ಯಕ್ತಿಯ ಮಹತ್ವ ಇಲ್ಲಿದೆ: ತನಿಖೆ, ವಿಚಾರಣೆಗಳುದ್ದಕ್ಕೂ ಮಗುವಿನ ಜೊತೆಗಿರುವ ಆ ವ್ಯಕ್ತಿ ಧರ್ಮಕೇಂದ್ರದ ಋಣಕ್ಕೆ ಸಿಲುಕದೆ ಹೊರಗಿನಿಂದ ಬರಬಲ್ಲರು.