ಕಾಳಿಯೆಂಬ ನಾಯಿಗೊಂದು ಕಲ್ಲು

ಬೆಂಗಳೂರಿನ ಕಸ್ತೂರ ಬಾ ರಸ್ತೆಯ ಕೆಂಪು ಕಟ್ಟಡದ ವಸ್ತುಸಂಗ್ರಹಾಲಯಕ್ಕೆ ಹೋದಾಗಲೆಲ್ಲ ನಾನು ಒಂದು ಕಲ್ಲಿನ ಮುಂದೆ ನಿಂತುಬಿಡುತ್ತೇನೆ. ಅದರ ಮೇಲೆ ನಾಯಿಯೂ ಕಾಡುಹಂದಿಯೂ ಕಾದಾಡುತ್ತಿವೆ, ಮಿಕ್ಕ ಜಾಗದ ತುಂಬ ಹಳಗನ್ನಡದ ಅಕ್ಷರ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಅದು. ಅಲ್ಲಿನ ಚಲ್ಲೇಶ್ವರ ಗುಡಿಯ ಮುಂದೆ ನಿಂತಿತ್ತು.

ಈ ಕಲ್ಲು ನಿಲ್ಲುವುದಕ್ಕೆ ಮೊದಲು ದೂರದ ತಮಿಳು ನೆಲದಲ್ಲಿ ದೊಡ್ಡ ಯುದ್ಧ ನಡೆದಿತ್ತು. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಸೈನ್ಯ ಚೋಳರನ್ನು ಎದುರಿಸಿತು. ಚೋಳ ರಾಜಾದಿತ್ಯನನ್ನು ಕೊಂದವನು ಕೃಷ್ಣನ ಭಾವ, ಗಂಗರ ಬೂತುಗ. ಅದಕ್ಕೆ ಮೆಚ್ಚಿ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300 ಮೊದಲಾದ ನಾಡುಗಳನ್ನೇ ಕೊಟ್ಟ. ಆ ಕಾಳಗದಲ್ಲಿ ಬೂತುಗನ ಬಂಟ ಮಣಲೇರನೂ ಶೌರ್ಯ ತೋರಿದ್ದ. ಏನು ಬೇಕೋ ಕೇಳು ಎಂದ ದೊರೆ.

ಮಣಲೇರ ಕೇಳಿದ್ದು ಕಾಳಿಯೆಂಬ ಬೇಟೆನಾಯಿಯನ್ನು!

ಬಂಟನೊಬ್ಬ ದೊರೆಯ ಎದುರು ನಿಂತು ಊರು, ಹೊನ್ನು ಎಲ್ಲ ಬಿಟ್ಟು ನಾಯಿ ಬೇಕು ಎನ್ನಬೇಕಾದರೆ ಅದರ ಮೇಲೆ ಅದೆಷ್ಟು ದಿನದಿಂದ ಕಣ್ಣಿಟ್ಟಿದ್ದನೋ. ದೊರೆ ಕೊಟ್ಟ. ಆಮೇಲೊಂದು ದಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಕಾಳಿಯನ್ನು ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಮಣಲೇರ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟುಕೊಟ್ಟ. ಸಾಲದೆಂದು ಒಂದು ಕಟ್ಟಳೆಯನ್ನೂ ಕೆತ್ತಿಸಿದ: ಪೂಜೆಗಿದ್ದ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣಕೂಡದು, ಉಂಡರೆ ಪಾಪ.

ನಮ್ಮ ಊರೂರಲ್ಲೂ ವೀರಗಲ್ಲುಗಳಿವೆ. ತುರು ಬಿಡಿಸುವಾಗ, ಊರು ಕಾಯುವಾಗ ಮಡಿದವರವು. ಅವರಿಗೆ ಸಲ್ಲುವ ಮರ್ಯಾದೆಯೇ ಇಲ್ಲಿ ನಾಯಿಗೂ ಸಂದಿದೆ. ಇತಿಹಾಸಕಾರರು ಈ ಶಾಸನವನ್ನು ಮತ್ತೆ ಮತ್ತೆ ಓದುವುದು ತಕ್ಕೋಲದ ಸಂಗತಿಗಾಗಿ. ಅದು ಸರಿಯೇ. ಆದರೆ ಕಾಳಿಯ ಮೇಲಿನ ಅಕ್ಕರೆ ಇಲ್ಲದಿದ್ದರೆ ಈ ಕಲ್ಲೇ ಇರುತ್ತಿರಲಿಲ್ಲ. ತಕ್ಕೋಲದ ಸುದ್ದಿಯನ್ನು ಸಾವಿರ ವರ್ಷ ಕಾಪಾಡಿ ನಮಗೆ ಮುಟ್ಟಿಸಿದ್ದು ಆ ನಾಯಿಯ ಕಲ್ಲು.

ಈಗ ಕಲ್ಲು ಬೆಂಗಳೂರಿನಲ್ಲಿ ಮಳೆಬಿಸಿಲಿಗೆ ಸಿಗದೆ ಭದ್ರವಾಗಿದೆ. ಆದರೂ ಮದ್ದೂರಿನ ಕಡೆ ಹೋಗುವಾಗ ನನಗೆ ಆ ಗುಡಿಯ ಅಂಗಳವೇ ಕಣ್ಣಮುಂದೆ ಬರುತ್ತದೆ. ಆತಕೂರಿನ ಶಾಲೆಯ ಮಕ್ಕಳಿಗೆ ಈ ಕಥೆ ಪಾಠಕ್ಕಿಂತ ಮೊದಲು ಮನೆಯಲ್ಲೇ ಸಿಗಬೇಕು, ಅಜ್ಜಿಯ ಬಾಯಲ್ಲಿ.

ನೀವು ಕಸ್ತೂರ ಬಾ ರಸ್ತೆಯ ಕಡೆ ಹೋದರೆ ಒಳಗೆ ಹೋಗಿ ಕಾಳಿಯನ್ನು ನೋಡಿ ಬನ್ನಿ. ಆದರೆ ಊಟಕ್ಕೆ ಮೊದಲೇ ಹೋಗಿ.