ಕಸಕ್ಕೆ ಸಿಡಿಲು ಹೊಡೆದರೆ?

ಕಸವನ್ನ ಸುಡದೇನೇ
ಅದರಿಂದ ಕರೆಂಟ್ ತೆಗೆಯೋಕೆ ಆಗುತ್ತಾ?
ಆಗುತ್ತೆ!
ಪ್ಲಾಸ್ಮಾ ಗ್ಯಾಸಿಫಿಕೇಶನ್ ಅಂತಾರೆ ಇದಕ್ಕೆ.

ಎರಡು ಎಲೆಕ್ಟ್ರೋಡ್. ನಡುವೆ ಗಾಳಿ.
ಜೋರಾಗಿ ಕರೆಂಟ್ ಹರಿಸಿದರೆ
ಆ ಗಾಳಿಯೇ ಪ್ಲಾಸ್ಮಾ ಆಗುತ್ತೆ.
ಸಿಡಿಲನ್ನ ಹಿಡಿದು ಕುಲುಮೆಯೊಳಗೆ ನಿಲ್ಲಿಸಿಕೊಂಡ ಹಾಗೆ.
ಶಾಖ? 5,000 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು.

ಒಳಗೆ ಆಮ್ಲಜನಕ ಕಡಿಮೆ.
ಹಾಗಾಗಿ ಕಸ ಪೂರ್ತಿ ಹೊತ್ತಿ ಉರಿಯಲ್ಲ.
ಒಡೆದು ಅನಿಲ ಆಗುತ್ತೆ.
ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್.
ಇದೇ ಸಿನ್‌ಗ್ಯಾಸ್.
ಶುದ್ಧ ಮಾಡಿ ಎಂಜಿನ್‌ಗೆ ಕೊಟ್ಟರೆ, ಕರೆಂಟ್.

ಗಾಜು, ಕಲ್ಲಿನ ಕಥೆ?
ಕರಗಿ, ಕೆಂಡದ ಬಣ್ಣದಲ್ಲಿ ಕೆಳಗೆ ಹರಿದು ಬರುತ್ತೆ.
ನೀರಿಗೆ ಬಿದ್ದ ತಕ್ಷಣ ಒಡೆದು
ಕಪ್ಪು ಗಾಜಿನ ಹರಳಾಗುತ್ತೆ.
ನೋಡೋಕೇ ಚಂದ!
ರಸ್ತೆಗೆ ಜಲ್ಲಿ ಬದಲು ಹಾಕಬಹುದು.

ಹಾಗಾದರೆ ಎಲ್ಲ ಊರಲ್ಲೂ ಯಾಕಿಲ್ಲ?

ಜಪಾನಿನ ಉತಾಶಿನಾಯ್ ನೋಡಿ.
2003ರಲ್ಲಿ ಘಟಕ ಶುರುವಾಯ್ತು.
ಮನೆ ಕಸ, ಜೊತೆಗೆ ಹಳೇ ಕಾರುಗಳ ಪುಡಿ.
ಸಾಕಷ್ಟು ಕಸ ಸಿಗಲಿಲ್ಲ.
2013ರಲ್ಲಿ ಬಾಗಿಲು ಹಾಕಿತು.

ಇಂಗ್ಲೆಂಡಿನ ಟೀಸ್ ವ್ಯಾಲಿಯಲ್ಲಿ ಎರಡು ದೊಡ್ಡ ಘಟಕ.
ತಾಂತ್ರಿಕ ತೊಂದರೆ ಬಗೆಹರಿಯದೆ
2016ರಲ್ಲಿ ಏರ್ ಪ್ರಾಡಕ್ಟ್ಸ್ ಕಂಪನಿ ಕೈಬಿಟ್ಟಿತು.

ಪ್ಲಾಸ್ಮಾ ಎಬ್ಬಿಸೋಕೇ ಸಾಕಷ್ಟು ಕರೆಂಟ್ ಬೇಕು.
ಕಸ ಒದ್ದೆಯಾಗಿದ್ರಂತೂ
ನೀರು ಆರಿಸೋಕೇ ಬಹಳಷ್ಟು ಶಕ್ತಿ ಹೋಗಿಬಿಡುತ್ತೆ ಅನ್ನಿ.
ಸಿನ್‌ಗ್ಯಾಸ್ ಉರಿದಾಗ ಕಾರ್ಬನ್ ಡೈಆಕ್ಸೈಡ್ ಬರೋದೂ ತಪ್ಪಲ್ಲ.

ನನ್ನ ಪ್ರಕಾರ ಇದು ಸಲ್ಲಬೇಕಾದ್ದು
ಆಸ್ಪತ್ರೆಯ ತ್ಯಾಜ್ಯಕ್ಕೆ,
ಕಾರ್ಖಾನೆಯ ವಿಷದ ಕಸಕ್ಕೆ.
ನಿಮ್ಮ ಅಡುಗೆಮನೆಯ ತರಕಾರಿ ಸಿಪ್ಪೆಗೆ
ಗೊಬ್ಬರದ ಗುಂಡಿಯೇ ಸಾಕು.