ಸ್ವದೇಶೀ ಅಯಸ್ಕಾಂತವನ್ನು ಕೊಳ್ಳುವವರು ಯಾರು?

ಮನೆಯ ಕಣಜದಲ್ಲಿ ಭತ್ತವನ್ನಿಟ್ಟುಕೊಂಡು ನೆರೆಮನೆಯಲ್ಲಿ ಅಕ್ಕಿಯನ್ನು ಕಡ ಕೇಳುವ ಗೃಹಸ್ಥನನ್ನು ಲೋಕವು ವಿವೇಕಿಯೆನ್ನಲಾರದು. ಅಯಸ್ಕಾಂತದ ವಿಷಯದಲ್ಲಿ ನಮ್ಮ ದೇಶದ ಸ್ಥಿತಿಯು ಇದಕ್ಕಿಂತ ಭಿನ್ನವಾಗಿಲ್ಲ. 2025ನೆಯ ಇಸವಿ ಏಪ್ರಿಲ್ 4ರಂದು ಚೀನಾ ಸರಕಾರವು ಏಳು ವಿರಳ ಭೂಧಾತುಗಳನ್ನೂ ಅವುಗಳಿಂದಾದ ಅಯಸ್ಕಾಂತಗಳನ್ನೂ ಅನುಮತಿಪತ್ರವಿಲ್ಲದೆ ಹೊರಗೆ ಕಳುಹಿಸಕೂಡದೆಂದು ವಿಧಿಸಿತು. ಕೆಲವೇ ವಾರಗಳಲ್ಲಿ ನಮ್ಮ ಮೋಟಾರು ವಾಹನಗಳ ತಯಾರಕರು ದಿಲ್ಲಿಯಲ್ಲಿ ಮೊರೆಯಿಡಬೇಕಾಯಿತು.

ನಮ್ಮಲ್ಲಿ ಖನಿಜಕ್ಕೆ ಬಡತನವಿಲ್ಲ. ತಿರುವಾಂಕೂರಿನ ಕಡಲದಂಡೆಯ ಮರಳಿನಲ್ಲಿ ಮೊನಜೈಟ್ ಇರುವ ಸಂಗತಿಯು 1909ರಲ್ಲಿಯೇ ತಿಳಿದುಬಂದಿತು. ತೆಂಗಿನ ನಾರಿಗೆ ಅಂಟಿಕೊಂಡು ಪರದೇಶಕ್ಕೆ ಹೋದ ಮರಳೇ ಅದರ ಸುಳಿವನ್ನು ಕೊಟ್ಟಿತು. ಬಹುಕಾಲ ಆ ಮರಳು ಅನ್ಯರ ಅನಿಲದೀಪಗಳಿಗಾಗಿ ಹಡಗೇರಿತು. 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆಯು ಸ್ಥಾಪಿತವಾಗಿ, 1952ರಲ್ಲಿ ಆಲುವಾಯ ಸಮೀಪದ ಕಾರ್ಖಾನೆಯನ್ನು ನೆಹರೂ ಅವರು ಉದ್ಘಾಟಿಸಿದರು. ಇಂದಿನ ಸರಕಾರೀ ಅಂದಾಜಿನಂತೆ ದೇಶದಲ್ಲಿ 1 ಕೋಟಿ 31 ಲಕ್ಷ ಟನ್ನುಗಳಷ್ಟು ಮೊನಜೈಟ್ ಇದೆ.

ಕೊರತೆಯಿರುವುದು ನಡುವಣ ಕೊಂಡಿಗಳಲ್ಲಿ. ಮೊನಜೈಟಿನಿಂದ ಥೋರಿಯಂ ಬೇರ್ಪಡಬೇಕು, ಒಂದನ್ನೊಂದು ಹೋಲುವ ಧಾತುಗಳನ್ನು ದ್ರಾವಕಗಳಿಂದ ಬಿಡಿಸಬೇಕು, ನಿಯೋಡಿಮಿಯಂ ಲೋಹವಾಗಬೇಕು, ಅದನ್ನು ಕಬ್ಬಿಣ ಮತ್ತು ಬೋರಾನಿನೊಡನೆ ಕರಗಿಸಿ, ಗಾಳಿ ತಾಗದಂತೆ ನುಣ್ಣಗೆ ಪುಡಿಮಾಡಿ, ಕಾಂತಕ್ಷೇತ್ರದಲ್ಲಿ ಒತ್ತಿ, ಸುಮಾರು ಸಾವಿರ ಡಿಗ್ರಿಗಳ ಕಾವಿನಲ್ಲಿ ಬೇಯಿಸಬೇಕು. ಒಂದು ಕೊಂಡಿ ಕಳಚಿದರೂ ಸರಪಣಿಯು ವ್ಯರ್ಥ. ಶಾಖವನ್ನು ತಾಳುವ ಅಯಸ್ಕಾಂತಗಳಿಗೆ ಬೇಕಾದ ಡಿಸ್ಪ್ರೋಸಿಯಂ ನಮ್ಮ ಮರಳಿನಲ್ಲಿ ಅತ್ಯಲ್ಪವೆಂಬುದನ್ನೂ ಮರೆಮಾಚಲಾಗದು.

ಈ ಕೊಂಡಿಗಳನ್ನು ಬೆಸೆಯಲು ಹೊಸ ಉದ್ಯಮಿಗಳು ಮುಂದೆ ಬಂದಿರುವುದು ಸಂತೋಷದ ವಿಷಯ. ಕೇಂದ್ರ ಸರಕಾರವೂ 2025ರ ನವೆಂಬರ್ 26ರಂದು, ವರ್ಷಕ್ಕೆ 6,000 ಟನ್ ಅಯಸ್ಕಾಂತಗಳ ತಯಾರಿಕೆಯನ್ನು ಉದ್ದೇಶಿಸಿ 7,280 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ಇದನ್ನು ನಾವು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಕಾರ್ಖಾನೆಗೆ ಬಂಡವಾಳವೊಂದೇ ಪ್ರಾಣವಲ್ಲ; ನೆಚ್ಚಿಕೆಯ ಗಿರಾಕಿಯೂ ಬೇಕು.

ಈ ಮಾತಿಗೆ ಅಮೆರಿಕೆಯೇ ಸಾಕ್ಷಿ. 2010ರ ಅನಂತರ ಧಾತುಗಳ ಬೆಲೆಯೇರಿದಾಗ ಮೋಲಿಕಾರ್ಪ್ ಎಂಬ ಕಂಪನಿಯು ಕ್ಯಾಲಿಫೋರ್ನಿಯಾದ ಹಳೆಯ ಗಣಿಯನ್ನು ಅಪಾರ ವೆಚ್ಚದಿಂದ ಪುನಃ ನಡೆಸಿತು. ಬೆಲೆ ಕುಸಿಯಿತು, 2015ರಲ್ಲಿ ಕಂಪನಿಯು ದಿವಾಳಿಯೆದ್ದಿತು. ಈ ಪಾಠವನ್ನು ಕಲಿತ ಅಮೆರಿಕಾ ಸರಕಾರವು 2025ರ ಜುಲೈಯಲ್ಲಿ ಅದೇ ಗಣಿಯ ಹೊಸ ಒಡೆಯರಿಗೆ ಕಿಲೋಗ್ರಾಂ ಒಂದಕ್ಕೆ 110 ಡಾಲರುಗಳ ಕನಿಷ್ಠ ಬೆಲೆಯನ್ನು ಹತ್ತು ವರ್ಷಗಳವರೆಗೆ ವಚನವಿತ್ತಿತು. ನಮಗೂ ಇದು ಹೊಸ ತತ್ತ್ವವಲ್ಲ. 1924ರಲ್ಲಿ ಉಕ್ಕಿನ ಕೈಗಾರಿಕೆಗೆ ಕಾನೂನಿನ ರಕ್ಷಣೆ ದೊರೆಯದಿದ್ದರೆ ತಾತಾ ಕಾರ್ಖಾನೆಯ ಗತಿಯೇನಾಗುತ್ತಿತ್ತೆಂಬುದನ್ನು ಬಲ್ಲವರು ಬಲ್ಲರು.

ಆದುದರಿಂದ ನಮ್ಮ ಸಲಹೆಯಿಷ್ಟೆ. ವಾಹನ ತಯಾರಕರೂ, ರೈಲ್ವೆ ಮತ್ತು ರಕ್ಷಣಾ ಇಲಾಖೆಗಳೂ ತಮ್ಮ ಬೇಡಿಕೆಯ ಒಂದು ಭಾಗವನ್ನು ಸ್ವದೇಶೀ ತಯಾರಕರಿಗೆ ಹಲವು ವರ್ಷಗಳ ಕರಾರಿನಿಂದ ಮೀಸಲಿಡಲಿ. ತಯಾರಕರು ಗುಣದಲ್ಲಿ ಕುಂದು ತೋರದಿರಲಿ. ರಕ್ಷಣೆಯು ಸೋಮಾರಿತನಕ್ಕೆ ಆಶ್ರಯವಾಗಬಾರದು. ಥೋರಿಯಂ ಕೂಡಿದ ಮರಳನ್ನು ತೆಗೆಯುವಲ್ಲಿ ಕಡಲತಡಿಯ ಬೆಸ್ತರ ಆರೋಗ್ಯಕ್ಕೂ ನೆಲೆಗೂ ಹಾನಿಯಾಗದಿರಲಿ.

ಪರದೇಶದ ಅಯಸ್ಕಾಂತವು ಮುಂದೊಂದು ದಿನ ಪುನಃ ಅಗ್ಗವಾಗಬಹುದು. ಆ ದಿನವೇ ನಮ್ಮ ಪರೀಕ್ಷೆಯ ದಿನ. ಅಂದು ನಾಲ್ಕು ಕಾಸಿನ ಲಾಭಕ್ಕಾಗಿ ಸ್ವದೇಶೀ ಕಾರ್ಖಾನೆಯನ್ನು ಕೈಬಿಟ್ಟರೆ, ಮುಂದಿನ ಸಲ ಬಾಗಿಲು ಮುಚ್ಚಿದಾಗ ದೂರುವುದಕ್ಕೆ ನಮಗೆ ಬಾಯಿರಲಾರದು.